ಪಟ್ಟೆರೆಕ್ಕೆ ಮಿಡತೆಗಳು

ಪಟ್ಟೆರೆಕ್ಕೆ ಮಿಡತೆಗಳು ಆಕ್ರಿಡಿಡೇ ಕುಟುಂಬದ ಈಡಿಪೋಡಿನೇ ಉಪಕುಟುಂಬಕ್ಕೆ ಸೇರಿದ ಗಿಡ್ಡ ಮೀಸೆಯ ಮಿಡತೆಗಳು. ಜಗತ್ತಿನಲ್ಲಿ ಇವುಗಳ ಪ್ರಭೇದಗಳು ಹೆಚ್ಚುಕಡಿಮೆ ಸಾವಿರ. ನೆಲದ ಮೇಲೆ ಕೂತಾಗ ಮಣ್ಣಿನದೇ ಬಣ್ಣ. ಹಾರಿದಾಗ ಮಾತ್ರ ಹಲವು ಪ್ರಭೇದಗಳಲ್ಲಿ ಮಡಿಚಿಟ್ಟ ಹಿಂರೆಕ್ಕೆ ಬಿಚ್ಚಿಕೊಂಡು ಹಳದಿ, ಕೆಂಪು ಅಥವಾ ನೀಲಿ ಹೊಳೆಯುತ್ತದೆ, ಆ ಬಣ್ಣಕ್ಕೆ ಅಂಚು ಕಟ್ಟಿದಂತೆ ಒಂದು ಕಪ್ಪು ಪಟ್ಟೆ ಕಾಣುತ್ತದೆ. ಹೆಸರು ಬಂದದ್ದು ಆ ಪಟ್ಟೆಯಿಂದ. ಬರಡು ಗುಡ್ಡ, ಕಲ್ಲುಹಾಸು, ಮರಳುದಿಬ್ಬ, ದನ ಮೇಯ್ದು ಬೋಳಾದ ಗೋಮಾಳ, ಕಾಲುದಾರಿ ಇವುಗಳ ನೆಲೆ. ಹುಲ್ಲು ದಟ್ಟವಾಗಿ ಬೆಳೆದಲ್ಲಿ ಇವು ವಿರಳ, ಹುಲ್ಲಿಗಿಂತ ಬರಿನೆಲ ಹೆಚ್ಚಿರುವಲ್ಲಿ ಸಾಮಾನ್ಯ.

ಮಿಡತೆಯೆಂದರೆ ಬೆಳೆ ತಿನ್ನುವ ಪೀಡೆ ಎಂಬ ಮಾತು ಈ ಗುಂಪಿನ ಹೆಚ್ಚಿನವಕ್ಕೆ ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ ಇವುಗಳ ಬಗ್ಗೆ ತಿಳಿದಿರುವುದು ಕಡಿಮೆ ಎಂಬುದಕ್ಕೆ ಅದೇ ಮುಖ್ಯ ಕಾರಣವೂ ಹೌದು. ಹಾನಿ ಮಾಡಿದ ಕೀಟದ ಮೇಲೆ ಇಲಾಖೆ ಬುಲೆಟಿನ್ ಬರೆಯಿಸುತ್ತದೆ. ಕಲ್ಲಿನ ಮೇಲೆ ಕೂತು ಒಣಹುಲ್ಲು ಕಡಿಯುವ ಕೀಟದ ಮೇಲೆ ಯಾರೂ ಬರೆಯಿಸುವುದಿಲ್ಲ. ಎರಡನೆಯ ಕಾರಣ ಕೀಟದಲ್ಲೇ ಇದೆ. ಗುರುತು ಹಚ್ಚಲು ಬೇಕಾದ ಚಿಹ್ನೆಯನ್ನೇ ಅದು ಮಡಿಚಿ ಮುಚ್ಚಿಟ್ಟುಕೊಂಡಿರುತ್ತದೆ.

ನೆಲೆ: ಪದವು ಮತ್ತು ಬಯಲುಸೀಮೆ

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಮಂಗಳೂರಿನಲ್ಲಿ ಒಣನೆಲದ ಮಿಡತೆಗೇನು ಕೆಲಸ ಎಂದು ಕೇಳುವವರಿದ್ದಾರೆ. ಉತ್ತರ ಕಾಲಡಿಯಲ್ಲೇ ಇದೆ. ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ, ಮೂಡುಬಿದಿರೆ–ಕಾರ್ಕಳದ ಕಡೆಯ ರಸ್ತೆ ಕವಲೊಡೆಯುವ ನಂತೂರು, ಅದರ ಪಕ್ಕದ ಕದ್ರಿ ಗುಡ್ಡೆ, ಆಚೆ ಬಿಕರ್ನಕಟ್ಟೆ, ಕುಲಶೇಖರ, ಶಕ್ತಿನಗರ ಎಲ್ಲವೂ ಮುರಕಲ್ಲಿನ ನೆಲ. ನಂತೂರು ಪದವು ಎಂಬ ಹೆಸರಿನಲ್ಲಿರುವ ಪದವು ತುಳುನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ: ಮೇಲೆ ಚಪ್ಪಟೆ, ಮಣ್ಣು ತೆಳು, ಮರ ಅಲ್ಲೊಂದು ಇಲ್ಲೊಂದು, ನಡುನಡುವೆ ಮುಳಿಹುಲ್ಲು. ಬಜಪೆಯ ವಿಮಾನ ನಿಲ್ದಾಣ, ಕೊಣಾಜೆಯ ವಿಶ್ವವಿದ್ಯಾಲಯ, ಗಡಿಯಾಚೆ ಮಂಜೇಶ್ವರ ತಾಲೂಕಿನ ಪೊಸಡಿಗುಂಪೆ ಗುಡ್ಡ ನಿಂತಿರುವುದೂ ಇಂಥದೇ ನೆಲದ ಮೇಲೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ವೈಜ್ಞಾನಿಕ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳ ಮೂಲಕ ಅವನು ಮಾಡಿದ ಪ್ರಯಾಣದ ಗ್ರಂಥ 1807ರಲ್ಲಿ ಅಚ್ಚಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪದವಿನ ತಗ್ಗುಗಳಲ್ಲಿ ನೀರು ನಿಂತು, ಅಂಗುಲದೆತ್ತರದ ಗಿಡಗಳು ಹೂಬಿಟ್ಟು, ನೆಲವೆಲ್ಲ ಹಸಿರಾಗಿರುತ್ತದೆ. ಮಳೆ ನಿಂತ ಮೇಲೆ ಕಲ್ಲಿನ ಪದರ ನೀರನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗುತ್ತದೆ, ಮಾರ್ಚ್‌ನಲ್ಲಿ ಬರಿಗಾಲಿಡಲಾರದಷ್ಟು ಕಲ್ಲು ಕಾಯುತ್ತದೆ. ವರ್ಷದ ಐದು ತಿಂಗಳು ಪದವು ಬಯಲುಸೀಮೆಯ ಒಂದು ತುಂಡು. ಚಳ್ಳಕೆರೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು, ಮಂಗಳೂರಿನಲ್ಲಿ ಅಷ್ಟು ಮಳೆ ಜುಲೈ ತಿಂಗಳ ಅರ್ಧದಲ್ಲೇ ಮುಗಿಯುತ್ತದೆ. ಆದರೆ ನೆಲದಲ್ಲಿ ಮೊಟ್ಟೆಯಿಡುವ ಮಿಡತೆಗೆ ಒಟ್ಟು ಮಳೆಗಿಂತ ಮುಖ್ಯವಾದ್ದು ಬಿಸಿಲು ಬೀಳುವ ಬರಿನೆಲ, ಹತ್ತಿರದಲ್ಲಿ ಸ್ವಲ್ಪ ಹುಲ್ಲು. ಎರಡೂ ಕಡೆ ಅವು ಸಿಗುತ್ತವೆ.

ಬಯಲುಸೀಮೆಯಲ್ಲಿ ಈ ಮಿಡತೆಗಳು ಹರಡಿಕೊಂಡಿರುವ ನೆಲ ವಿಶಾಲ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಬಂಡೆಗುಡ್ಡಗಳ ಬುಡ, ವಿಜಯಪುರದ ಕಡೆಯ ಎರೆಹೊಲದ ಬದು, ಹಳ್ಳದ ಮರಳು, ಕುರಿ ಮೇಯುವ ಗೋಮಾಳ ಇವೆಲ್ಲ ಹುಡುಕತಕ್ಕ ಜಾಗಗಳು. ಕರಾವಳಿಯಲ್ಲಿ ಇವುಗಳ ನೆಲ ಚೂರುಚೂರು, ಪೇಟೆ ಬೆಳೆದಂತೆ ಇನ್ನೂ ಕಿರಿದಾಗುತ್ತಿದೆ. ಪದವುಗಳನ್ನು ಕಂದಾಯದ ಕಡತಗಳು ಪಾಳು ಎಂದು ಬರೆದಿಟ್ಟಿರುವುದರಿಂದ ಬಡಾವಣೆ, ಕಲ್ಲಿನ ಕೋರೆ, ರಸ್ತೆ ಅಗಲೀಕರಣ ಎಲ್ಲಕ್ಕೂ ಮೊದಲು ಕಣ್ಣಿಗೆ ಬೀಳುವುದು ಅವೇ.

ಕಾಣುವ ಬಣ್ಣ, ಮುಚ್ಚಿದ ಬಣ್ಣ

ಹೆದ್ದಾರಿಯ ಅಂಚಿನ ಜಲ್ಲಿಯ ಮೇಲೆ ನಡೆಯುವಾಗ ಕಾಲ ಬಳಿಯಿಂದ ಏನೋ ಚಿಮ್ಮಿ, ಮಸುಕು ಹಳದಿಯಾಗಿ ಹಾರಿ, ನಾಲ್ಕು ಮಾರು ದೂರದಲ್ಲಿ ಇಳಿಯುತ್ತದೆ. ಇಳಿದ ಜಾಗವನ್ನೇ ದಿಟ್ಟಿಸಿದರೂ ಅಲ್ಲಿ ಏನೂ ಇಲ್ಲ. ಮೈನಾ, ಕಾಜಾಣ, ಓತಿಕ್ಯಾತಗಳ ಕಣ್ಣಿಗೂ ಹೀಗೇ ಆಗುತ್ತದೆ. ಹಾರುವಾಗ ಕಂಡ ಬಣ್ಣವನ್ನು ಅವು ಹುಡುಕುತ್ತಿರುತ್ತವೆ, ಕೂತ ಕೀಟದಲ್ಲಿ ಆ ಬಣ್ಣವೇ ಇರುವುದಿಲ್ಲ. ಕೆಲವು ಪ್ರಭೇದಗಳು ಇಳಿಯುವ ಮುನ್ನ ಗಾಳಿಯಲ್ಲಿ ಥಟ್ಟನೆ ಪಕ್ಕಕ್ಕೆ ತಿರುಗುತ್ತವೆ. ನೋಡುವವನು ನೇರ ದಾರಿಯನ್ನು ಲೆಕ್ಕಹಾಕಿ ತಪ್ಪಾದ ಜಾಗ ನೋಡುತ್ತಾನೆ.

ಮುಂರೆಕ್ಕೆ ಮತ್ತು ಮೈಯ ಬಣ್ಣ ನೆಲಕ್ಕೆ ಹೊಂದುವುದರಲ್ಲಿ ಹುಟ್ಟುಗುಣದ ಜೊತೆಗೆ ಬೆಳವಣಿಗೆಯ ಪಾಲೂ ಇದೆ. ಈ ಗುಂಪಿನ ಹಲವು ಪ್ರಭೇದಗಳ ಮರಿಗಳು ಪೊರೆ ಕಳಚುವಾಗಲೆಲ್ಲ ಸುತ್ತಲಿನ ನೆಲದ ಬಣ್ಣದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ವಾಲುತ್ತವೆ. ಒಂದೇ ಪ್ರಭೇದ ಮುರಕಲ್ಲಿನ ಮೇಲೆ ಇಟ್ಟಿಗೆಗೆಂಪು, ಎರೆನೆಲದ ಮೇಲೆ ಕಪ್ಪು ಬೂದಿ, ಮಳೆಗಾಲದ ಹುಲ್ಲಿನಲ್ಲಿ ಹಸಿರು ಆಗಿರುವುದು ಸಾಧ್ಯ. ಆದ್ದರಿಂದ ಮೈಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಈ ಗುಂಪಿನಲ್ಲಿ ನಡೆಯುವುದಿಲ್ಲ. ಅಂತರ್ಜಾಲದಲ್ಲಿ ತುಂಬಿರುವ ಚಿತ್ರಗಳಲ್ಲಿ ಬಹುಪಾಲು ಕೂತ ಮಿಡತೆಯದೇ ಆಗಿರುವುದರಿಂದ ಅವುಗಳಲ್ಲಿ ಎಷ್ಟೋ ಚಿತ್ರಗಳಿಗೆ ಕುಲದ ಹೆಸರಿನಿಂದ ಮುಂದೆ ಹೋಗಲು ಆಗಿಲ್ಲ.

ಸದ್ದು ಮಾಡುವ ಬಗೆಯೂ ಈ ಗುಂಪಿಗೆ ವಿಶಿಷ್ಟ. ಹುಲ್ಲುಗಾವಲಿನ ಕೆಲವು ಮಿಡತೆಗಳಲ್ಲಿ ಹಿಂಗಾಲಿನ ತೊಡೆಯ ಒಳಬದಿಗೆ ಸಣ್ಣ ಮೊಳೆಗಳ ಸಾಲಿದ್ದು, ಅದು ರೆಕ್ಕೆಯ ನರಕ್ಕೆ ಉಜ್ಜಿದಾಗ ಸದ್ದು ಬರುತ್ತದೆ. ಪಟ್ಟೆರೆಕ್ಕೆಯವುಗಳಲ್ಲಿ ಇದು ತಿರುವುಮುರುವು: ತೊಡೆಯ ಒಳ ಏಣು ನುಣುಪು, ಮುಂರೆಕ್ಕೆಯ ನಡುವಿನ ಒಂದು ಹೆಚ್ಚುವರಿ ನರ ಗರಗಸದಂತೆ ಹಲ್ಲುಹಲ್ಲು. ಭೂತಗನ್ನಡಿಯಲ್ಲಿ ಈ ಹಲ್ಲುಗಳು ಕಂಡರೆ ಉಪಕುಟುಂಬ ಖಚಿತವಾದಂತೆ. ಇದಲ್ಲದೆ ಹಾರುವಾಗ ಹಿಂರೆಕ್ಕೆಯಿಂದಲೇ ಚಟಚಟ ಸದ್ದು ಹೊರಡಿಸುವ ಪ್ರಭೇದಗಳೂ ಇವೆ. ಕಿವಿ ಇರುವುದು ಹೊಟ್ಟೆಯ ಮೊದಲ ಖಂಡದ ಎರಡೂ ಬದಿಯಲ್ಲಿ.

ಗುರುತು ಹಚ್ಚುವ ಕ್ರಮ

ಮೊದಲು ಬೇರೆ ಗುಂಪಿನವನ್ನು ಬದಿಗಿಡಬೇಕು. ಮಿಡತೆಯನ್ನು ಮಗುಚಿ ಮುಂಗಾಲುಗಳ ನಡುವೆ ನೋಡಿದಾಗ ಒಂದು ಮೊನೆ ಎದ್ದಿದ್ದರೆ ಅದು ಪಟ್ಟೆರೆಕ್ಕೆಯದಲ್ಲ. ಮರುಭೂಮಿಯ ಮಿಡತೆ ಈ ಪರೀಕ್ಷೆಯಲ್ಲೇ ಹೊರಬೀಳುತ್ತದೆ. ತಲೆಯ ತುದಿಯಲ್ಲಿ ನಡುವೆ ಒಂದು ಸಣ್ಣ ಸೀಳಿದ್ದರೆ ಅದು ಪಿರ್ಗೊಮಾರ್ಫಿಡೇ ಕುಟುಂಬದ್ದು. ಹೊಲದ ಮಣ್ಣಿನಲ್ಲಿ ಚಪ್ಪಟೆಯಾಗಿ ಅಂಟಿ ಕೂರುವ ಕ್ರೋಟೊಗೋನಸ್ ಈ ಕುಟುಂಬದ್ದು, ಪಟ್ಟೆರೆಕ್ಕೆಯೆಂದು ತಿಳಿದು ಜನ ಹೆಚ್ಚಾಗಿ ಮೋಸಹೋಗುವುದು ಇದರಿಂದಲೇ. ಮುಖ ಓರೆಯಾಗಿ ಉದ್ದಕ್ಕೆ ಚಾಚಿದ್ದರೆ ಅದು ಆಕ್ರಿಡಾ ಅಥವಾ ಅದರ ಬಳಗ. ಪಟ್ಟೆರೆಕ್ಕೆಯ ಮುಖ ಸಾಮಾನ್ಯವಾಗಿ ನೆಟ್ಟಗೆ, ತಲೆ ದಪ್ಪ.

ಆಮೇಲೆ ನೋಡಬೇಕಾದ್ದು ಪ್ರೊನೋಟಮ್, ಅಂದರೆ ತಲೆಯ ಹಿಂದೆ ಕುದುರೆಯ ತಡಿಯ ಹಾಗೆ ಕೂತಿರುವ ಕವಚ. ಅದರ ನಡುವೆ ಉದ್ದಕ್ಕೆ ಒಂದು ಏಣು ಹಾಯುತ್ತದೆ. ಅದು ಎತ್ತರವೋ ತಗ್ಗೋ, ಅಡ್ಡಗೀರುಗಳು ಅದನ್ನು ಎಷ್ಟು ಕಡೆ ಕಡಿದಿವೆ, ಕಡಿದ ಜಾಗ ಆಳವೋ ಮೇಲುಮೇಲೋ ಎಂಬುದರ ಮೇಲೆ ಕುಲ ನಿರ್ಧಾರವಾಗುತ್ತದೆ. ಏಣನ್ನು ಮೇಲಿನಿಂದ ನೋಡಿ ಪ್ರಯೋಜನವಿಲ್ಲ, ಪಕ್ಕದಿಂದ ನೋಡಬೇಕು. ಒಂದೇ ಚಿತ್ರ ತೆಗೆಯಲು ಅವಕಾಶವಿದ್ದರೆ ಪಕ್ಕದ ಚಿತ್ರವೇ ಲೇಸು.

ಮೂರನೆಯದು ಹಿಂರೆಕ್ಕೆ. ಇದಕ್ಕೆ ಮಿಡತೆಯನ್ನು ಹಿಡಿಯಲೇಬೇಕು. ಬಿಸಿಲೇರಿದ ಮೇಲೆ ಅದು ಕೈಗೆ ಸಿಗುವುದಿಲ್ಲ, ಬೆಳಗಿನ ತಂಪಿನಲ್ಲಿ ಮೈ ಮರಗಟ್ಟಿರುವಾಗ ಬಲೆಯಿಲ್ಲದೆಯೂ ಹಿಡಿಯಬಹುದು. ಎರಡೂ ತೊಡೆಗಳನ್ನು ಜೊತೆಯಾಗಿ ಹಿಡಿದುಕೊಳ್ಳಬೇಕು. ಒಂದೇ ಕಾಲು ಹಿಡಿದರೆ ಆ ಕಾಲನ್ನು ಕಳಚಿ ಕೈಯಲ್ಲೇ ಬಿಟ್ಟು ಹೋಗುತ್ತದೆ, ಮತ್ತೆ ಅದು ಬೆಳೆಯುವುದಿಲ್ಲ. ಇನ್ನೊಂದು ಕೈಯ ಉಗುರಿನಿಂದ ಮುಂರೆಕ್ಕೆಯನ್ನು ಪಕ್ಕಕ್ಕೆ ಸರಿಸಿದರೆ ಅಡಿಯಲ್ಲಿ ಬೀಸಣಿಗೆಯ ಮಡಿಕೆಗಳಾಗಿ ಹಿಂರೆಕ್ಕೆ ಇರುತ್ತದೆ. ಅದರ ಅಂಚನ್ನು ಮೆಲ್ಲಗೆ ಎಳೆದು ಬಿಚ್ಚಿ ನಾಲ್ಕು ಸಂಗತಿ ಗಮನಿಸಬೇಕು: ಬುಡದ ಬಣ್ಣ, ಪಟ್ಟೆಯ ಅಗಲ, ಪಟ್ಟೆ ಹಿಂದಿನ ಅಂಚಿನವರೆಗೆ ಕಮಾನಾಗಿ ಇಳಿಯುತ್ತದೋ ನಡುವೆ ಕಡಿದುಹೋಗುತ್ತದೋ, ತುದಿ ಪಾರದರ್ಶಕವೋ ಹೊಗೆಬಣ್ಣವೋ.

ಕೊನೆಗೆ ಹಿಂಗಾಲಿನ ಕಣಕಾಲು. ಅದರ ಬಣ್ಣ, ಉಂಗುರಗಳು, ತುದಿಯ ಮುಳ್ಳುಗಳ ಉದ್ದ ಪ್ರಭೇದದ ಮಟ್ಟದಲ್ಲಿ ಬಹಳ ನೆರವಾಗುತ್ತವೆ. ಕೂತ ಮಿಡತೆಯಲ್ಲಿ ತೊಡೆಗೆ ಒತ್ತಿಕೊಂಡಿರುವ ಈ ಭಾಗವೂ ಅರ್ಧ ಮರೆಯಲ್ಲೇ ಇರುತ್ತದೆ.

ಕೆಲವು ಪ್ರಭೇದಗಳು

ಪದವಿನಲ್ಲೂ ರಸ್ತೆಬದಿಯಲ್ಲೂ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಟ್ರೈಲೋಫಿಡಿಯಾ ಆನ್ಯುಲೇಟಾ. ಉದ್ದ ಎರಡು ಸೆಂಟಿಮೀಟರಿನ ಸುತ್ತಮುತ್ತ. ಮೈ ಒರಟು, ರೋಮಮಯ, ಕಣ್ಣು ಹೊರಚಾಚಿದವು, ಕಣ್ಣುಗಳ ನಡುವೆ ಎರಡು ಸಣ್ಣ ಗಂಟು. ಪಕ್ಕದಿಂದ ನೋಡಿದರೆ ಪ್ರೊನೋಟಮ್‌ನ ಏಣು ಎರಡು ಕಡೆ ಆಳವಾಗಿ ಕಡಿದು ಮುಂಭಾಗದಲ್ಲಿ ಎರಡು ಹಲ್ಲು ಎದ್ದಂತೆ ಕಾಣುತ್ತದೆ. ಕರಾವಳಿಯಲ್ಲಿ ಬೇರೆ ಯಾವ ಮಿಡತೆಯೊಂದಿಗೂ ಬೆರೆಸಲಾಗದ ಗುರುತು ಇದು. ಕಣಕಾಲು ಕಪ್ಪುಗಂದು, ಅದರ ಮೇಲೆ ತಿಳಿ ಉಂಗುರಗಳು. ಹಿಂರೆಕ್ಕೆಯ ಬುಡ ಹಸಿರುಮಿಶ್ರಿತ ಮಸುಕು ಹಳದಿ, ಹೊರಭಾಗ ಹೊಗೆಬಣ್ಣ, ಬಿಡಿಸಿ ತೋರಿಸಬಹುದಾದ ಪಟ್ಟೆ ಇಲ್ಲವೇ ಇಲ್ಲ. ಪಟ್ಟೆರೆಕ್ಕೆ ಗುಂಪಿನ ಅತಿ ಸಾಮಾನ್ಯ ಸದಸ್ಯನಿಗೇ ಪಟ್ಟೆ ಇಲ್ಲದಿರುವುದು ಹೊಸಬರಿಗೆ ತೊಡಕು. ಭಾರತದಿಂದ ಜಪಾನಿನವರೆಗೆ ಹರಡಿರುವ ಈ ಪ್ರಭೇದವನ್ನು ಲಿನೇಯಸನ ಶಿಷ್ಯ ಕಾರ್ಲ್ ಪೀಟರ್ ಥನ್‌ಬರ್ಗ್ 1815ರಲ್ಲಿ ವಿವರಿಸಿದ.

ಈಡೇಲಿಯಸ್ ಕುಲದ ಗುರುತು ಪ್ರೊನೋಟಮ್‌ನ ಮೇಲೆ ಬಿಳಿಚಾಗಿ ಎಳೆದ ಗುಣಾಕಾರ ಚಿಹ್ನೆ. ಹಿಂರೆಕ್ಕೆಯ ಬುಡ ತಿಳಿಹಳದಿ, ಪಟ್ಟೆ ಕಪ್ಪು. ಈಡೇಲಿಯಸ್ ಅಬ್ರಪ್ಟಸ್ ದಕ್ಷಿಣ ಭಾರತದ ಒಣ ಹುಲ್ಲುನೆಲಗಳದ್ದು, ಇದೂ 1815ರಲ್ಲಿ ಥನ್‌ಬರ್ಗ್ ಹೆಸರಿಸಿದ್ದೇ. ಇದರ ಸೋದರ ಪ್ರಭೇದ ಈಡೇಲಿಯಸ್ ಸೆನೆಗಲೆನ್ಸಿಸ್ ಪಶ್ಚಿಮ ಆಫ್ರಿಕದ ಸಾಹೆಲ್ ಪ್ರದೇಶದಲ್ಲಿ ಸಜ್ಜೆಯ ಬೆಳೆಗೆ ದೊಡ್ಡ ಪೀಡೆ, 1970ರ ದಶಕದ ನಡುವೆ ಅಲ್ಲಿ ಅಪಾರ ನಷ್ಟ ಮಾಡಿತು. ಅದರ ಮೊಟ್ಟೆಗಳು ಒಣ ಮಣ್ಣಿನಲ್ಲಿ ಬೆಳವಣಿಗೆ ತಡೆದುಕೊಂಡು ಮುಂದಿನ ಮಳೆಗೆ ಕಾಯಬಲ್ಲವು. ಆ ಪ್ರಭೇದದ ಹರವು ಭಾರತದ ಒಣಪ್ರದೇಶಗಳವರೆಗೆ ಇದ್ದರೂ ಇಲ್ಲಿ ಅದಕ್ಕೆ ಅಂಥ ಹೆಸರು ಬಂದಿಲ್ಲ.

ಗ್ಯಾಸ್ಟ್ರಿಮಾರ್ಗಸ್ ಕುಲದವು ಗಾತ್ರದಲ್ಲಿ ದೊಡ್ಡವು, ಹೆಣ್ಣು ನಾಲ್ಕು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಪ್ರೊನೋಟಮ್‌ನ ಏಣು ಎತ್ತರಕ್ಕೆ ಕಮಾನಾಗಿರುತ್ತದೆ. ಹಿಂರೆಕ್ಕೆಯ ಬುಡ ಢಾಳು ಹಳದಿ, ಅದನ್ನು ಸುತ್ತಿದ ಅಗಲ ಕಪ್ಪು ಪಟ್ಟೆ. ಈ ಗುಂಪಿನ ಚೆಲುವನ್ನು ಒಂದೇ ನೋಟದಲ್ಲಿ ನೋಡಬೇಕೆನ್ನುವವರು ಹುಡುಕಬೇಕಾದ್ದು ಇದನ್ನು. ಆಫ್ರಿಕಾನಸ್ ಮತ್ತು ಮಾರ್ಮೊರೇಟಸ್ ಎಂಬ ಎರಡು ಪ್ರಭೇದಗಳು ಭಾರತದಲ್ಲಿವೆ. ಈಡೇಲಿಯಸ್‌ನ ದೊಡ್ಡ ಹೆಣ್ಣು ಮತ್ತು ಗ್ಯಾಸ್ಟ್ರಿಮಾರ್ಗಸ್‌ನ ಸಣ್ಣ ಗಂಡು ಎದುರಾದಾಗ ತಪ್ಪಾಗುವುದುಂಟು. ಆಗ ಗುಣಾಕಾರ ಚಿಹ್ನೆ ಮತ್ತು ಏಣಿನ ಎತ್ತರ ಎರಡನ್ನೂ ಕೂಡಿಸಿ ನೋಡಬೇಕು.

ಲೋಕಸ್ಟಾ ಮೈಗ್ರೇಟೋರಿಯಾ, ಅಂದರೆ ವಲಸೆ ಮಿಡತೆ, ಇದೇ ಉಪಕುಟುಂಬದ್ದು. ಇದರ ಹಿಂರೆಕ್ಕೆಯಲ್ಲಿ ಬಣ್ಣವೂ ಇಲ್ಲ, ಪಟ್ಟೆಯೂ ಇಲ್ಲ, ಬುಡದಲ್ಲಿ ಹಳದಿಯ ಛಾಯೆ ಮಾತ್ರ. ಎದೆಯ ಅಡಿಭಾಗದಲ್ಲಿ ಒತ್ತಾದ ರೋಮ ಇದರ ಗುರುತು. ಒಂಟಿಯಾಗಿ ಬದುಕುವ ಡಾನಿಕಾ ಮತ್ತು ಹಿಂಡುಕಟ್ಟಿ ಹಾರುವ ಮೈಗ್ರೇಟೋರಿಯಾ ಬೇರೆ ಬೇರೆ ಪ್ರಭೇದಗಳೆಂದು ಬಹುಕಾಲ ನಂಬಲಾಗಿತ್ತು. ಅವೆರಡೂ ಒಂದೇ ಕೀಟದ ಎರಡು ಅವಸ್ಥೆಗಳೆಂದು ಕೀಟವಿಜ್ಞಾನಿ ಬೋರಿಸ್ ಉವರೋವ್ 1921ರಲ್ಲಿ ತೋರಿಸಿದ. ಒಂಟಿ ಅವಸ್ಥೆಯಲ್ಲಿ ಪ್ರೊನೋಟಮ್‌ನ ಏಣು ಉಬ್ಬಿರುತ್ತದೆ, ಹಿಂಡಿನ ಅವಸ್ಥೆಯಲ್ಲಿ ನೇರವಾಗುತ್ತದೆ ಅಥವಾ ತಗ್ಗುತ್ತದೆ. ಕೀಟ ಒಂದೇ ಆದರೂ ಗುರುತಿನ ಅಂಗವೇ ಬದಲಾಗುವ ಈ ಪ್ರಕರಣ ವರ್ಗೀಕರಣಕಾರರಿಗೆ ದೊಡ್ಡ ಪಾಠವಾಯಿತು.

ತೇವದ ಹುಲ್ಲಿಗೆ, ಗದ್ದೆಯ ಬದುವಿಗೆ ಬಂದರೆ ಐಯೋಲೋಪಸ್ ಥಲಾಸಿನಸ್ ಸಿಗುತ್ತದೆ. ಸಪೂರ ಮೈ, ಮುಂರೆಕ್ಕೆ ಉದ್ದ, ಹಸಿರು ಅಥವಾ ಕಂದು. ಕಣಕಾಲಿನ ಬುಡ ತಿಳಿ, ನಡು ನೀಲಿ, ತುದಿ ಕೆಂಪು. ಇದರ ಹಿಂರೆಕ್ಕೆಯೂ ಪಟ್ಟೆಯಿಲ್ಲದ್ದು. ರಾತ್ರಿ ದೀಪಕ್ಕೆ ಬರುವ ಪಟ್ಟೆರೆಕ್ಕೆಗಳಲ್ಲಿ ಇದೇ ಹೆಚ್ಚು.

ಉಳಿದವನ್ನು ಬೇಗ ಹೇಳಬಹುದು. ಡಿಟ್ಟೋಪ್ಟರ್ನಿಸ್ ವೆನುಸ್ಟಾ ಚಿಕ್ಕದು, ಹಿಂರೆಕ್ಕೆಯ ಬುಡ ಹಳದಿ, ಪಟ್ಟೆ ಸ್ಪಷ್ಟ. ಹೆಟೆರೋಪ್ಟರ್ನಿಸ್ ರೆಸ್ಪಾಂಡೆನ್ಸ್‌ನಲ್ಲಿ ಕಣಕಾಲಿನ ತುದಿಯ ಒಳಬದಿಯ ಮುಳ್ಳುಗಳು ಉದ್ದದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಟೆರ್ನೋಸ್ಕರ್ಟಾ ಕುಲದವು ದಪ್ಪ, ರೋಮ ಹೆಚ್ಚು, ಹಿಂರೆಕ್ಕೆಯ ಬುಡ ಪ್ರಭೇದಕ್ಕೆ ತಕ್ಕಂತೆ ಕೆಂಪು ಇಲ್ಲವೆ ಹಳದಿ. ಅಕ್ರೋಟೈಲಸ್ ಕುಲದಲ್ಲಿ ಪ್ರೊನೋಟಮ್ ನಡುವೆ ಬಿಗಿದು ಕಿರಿದಾಗಿರುತ್ತದೆ, ಕಾಲು ಸಪೂರ, ಪಟ್ಟೆ ಅರ್ಧಚಂದ್ರಾಕಾರ.

ಸ್ಫಿಂಗೊನೋಟಸ್ ಮಾತ್ರ ಹಾಗೆ ಮುಗಿಸಿಬಿಡುವಂಥದ್ದಲ್ಲ. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲ ಕೆನರಿ ದ್ವೀಪಗಳಿಂದ ಮಧ್ಯ ಏಷ್ಯದವರೆಗಿನ ಮರುಭೂಮಿಗಳ ನಿಜವಾದ ಒಡೆಯ. ಭಾರತದಲ್ಲಿ ರಾಜಸ್ಥಾನ, ಗುಜರಾತಿನಂಥ ಪಶ್ಚಿಮದ ಒಣನಾಡುಗಳಲ್ಲಿ ಅದರ ಬಲ ಹೆಚ್ಚು. ಪ್ರೊನೋಟಮ್‌ನ ಏಣು ತೀರ ತಗ್ಗು, ಮುಂಭಾಗದಲ್ಲಿ ಅಡ್ಡಗೀರುಗಳು ಅದನ್ನು ಮತ್ತೆ ಮತ್ತೆ ಕಡಿದು ಅಲ್ಲಲ್ಲಿ ಅಳಿಸಿಯೇಹಾಕಿರುತ್ತವೆ. ಹಿಂರೆಕ್ಕೆ ಗಾಜಿನಂತೆ ಅಥವಾ ತಿಳಿನೀಲಿ. ಸವಿಗ್ನೀ ಎಂಬ ಪ್ರಭೇದಕ್ಕೆ ಕಪ್ಪು ಪಟ್ಟೆಯಿದೆ, ರುಬೆಸೆನ್ಸ್‌ಗೆ ಇಲ್ಲ. ಅಮೆರಿಕದ ಪಶ್ಚಿಮದ ಮರುಭೂಮಿಗಳಲ್ಲಿ ಇದೇ ಜಾಗವನ್ನು ಟ್ರೈಮೆರೊಟ್ರೋಪಿಸ್ ಕುಲ ತುಂಬಿದೆ. 2019ರ ಜುಲೈಯಲ್ಲಿ ಲಾಸ್ ವೇಗಸ್ ನಗರದ ದೀಪಗಳಿಗೆ ಮುತ್ತಿ, ಹವಾಮಾನದ ರೇಡಾರಿನಲ್ಲೂ ಮೋಡದಂತೆ ಕಾಣಿಸಿಕೊಂಡದ್ದು ಅದರ ಪಲ್ಲಿಡಿಪೆನ್ನಿಸ್ ಪ್ರಭೇದ. ಮಂಗಳೂರಿನವರಿಗೆ ಸ್ಫಿಂಗೊನೋಟಸ್ ಬೇಕಿದ್ದರೆ ಘಟ್ಟ ಹತ್ತಿ ಬಂಡೆಗಳ ಜಿಲ್ಲೆಗಳಿಗೆ ಹೋಗುವುದು ಒಳ್ಳೆಯದು.

ಅಧ್ಯಯನ

ಈ ಗುಂಪಿನ ಮೊದಲ ಜಾಗತಿಕ ಗ್ರಂಥ ಜಿನೀವಾದ ಆನ್ರಿ ಡಿ ಸೋಸ್ಯೂರ್ 1884ರಲ್ಲಿ ಪ್ರಕಟಿಸಿದ ‘ಪ್ರೊಡ್ರೋಮಸ್ ಈಡಿಪೋಡಿಯೋರಮ್’. ನಾಲ್ಕು ವರ್ಷಗಳ ಬಳಿಕ ಅದಕ್ಕೆ ಅನುಬಂಧವೂ ಬಂತು. ಅದಕ್ಕಿಂತ ಮುಂಚೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಫ್ರಾನ್ಸಿಸ್ ವಾಕರ್ ಭಾರತದಿಂದ ಹೋದ ಮಾದರಿಗಳಿಗೆ ರಾಶಿರಾಶಿ ಹೆಸರಿಟ್ಟಿದ್ದ. ಒಂದೇ ಕೀಟಕ್ಕೆ ಎರಡು ಮೂರು ಹೆಸರು ಕೊಟ್ಟ ಅವನ ಆತುರವನ್ನು ಸರಿಪಡಿಸುವುದರಲ್ಲಿ ಮುಂದಿನ ತಲೆಮಾರಿನ ಸಾಕಷ್ಟು ಹೊತ್ತು ಹೋಯಿತು. ಭಾರತದ ಮಿಡತೆಗಳಿಗೆ ಕೈಪಿಡಿಯಾದ್ದು ಡಬ್ಲ್ಯು. ಎಫ್. ಕಿರ್ಬಿಯ ಸಂಪುಟ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಮಾಲೆಯಲ್ಲಿ 1914ರಲ್ಲಿ, ಲೇಖಕ ತೀರಿಕೊಂಡ ಮೇಲೆ, ಅದು ಹೊರಬಂತು. ಕೀಲಿಪಟ್ಟಿಗಳು ಹಳತಾಗಿದ್ದರೂ ಇಂದಿಗೂ ಅದನ್ನು ತೆರೆಯದೆ ಕೆಲಸ ಸಾಗುವುದಿಲ್ಲ. ಅನಂತರದ ಬಿಡಿ ಪರಿಷ್ಕರಣೆಗಳಲ್ಲಿ ಡಿ. ಹೋಲಿಸ್ ಟ್ರೈಲೋಫಿಡಿಯಾ ಕುಲವನ್ನು 1965ರಲ್ಲೂ ಐಯೋಲೋಪಸ್ ಅನ್ನು 1968ರಲ್ಲೂ, ಜೆ. ಎಂ. ರಿಚಿ ಈಡೇಲಿಯಸ್ ಅನ್ನು 1981ರಲ್ಲೂ ಗ್ಯಾಸ್ಟ್ರಿಮಾರ್ಗಸ್ ಅನ್ನು 1982ರಲ್ಲೂ ತಿದ್ದಿ ಬರೆದರು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 2010ರಲ್ಲಿ ತಂದ ಪಟ್ಟಿಯಲ್ಲಿ ಮಿಡತೆ, ಚಿಮ್ಮಂಡೆ ಬಳಗವೆಲ್ಲ ಸೇರಿ ದೇಶದ 1033 ಹೆಸರುಗಳಿವೆ.

ಮೈಸೂರು ಸೀಮೆಯಲ್ಲಿ ಮಿಡತೆಯ ವಿಜ್ಞಾನ ಶುರುವಾದ್ದು ಬೆಳೆಯ ಹಾನಿಯಿಂದ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಂಸ್ಥಾನದ ಸೇವೆಗೆ ಬಂದರು. ಜೋಳವನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ ಸ್ಪೇನಿನ ಇಗ್ನಾಸಿಯೋ ಬೊಲಿವಾರ್ 1910ರಲ್ಲಿ ಕೋಲೆಮಾನಿಯಾ ಸ್ಫೆನಾರಿಯೋಯ್ಡಿಸ್ ಎಂದು ಅವರ ಹೆಸರನ್ನೇ ಇಟ್ಟ. ಮರುವರ್ಷ ಆ ಜೋಳದ ಮಿಡತೆಯ ಮೇಲೂ ಭತ್ತದ ಮಿಡತೆಯ ಮೇಲೂ ಕೃಷಿ ಇಲಾಖೆಯ ಬುಲೆಟಿನ್‌ಗಳು ಬಂದವು. ಎರಡೂ ಪಟ್ಟೆರೆಕ್ಕೆಗಳಲ್ಲ. ಅದೇ ಹೊಲದ ಬದುವಿನಲ್ಲಿ ಕೂತಿದ್ದ ಈಡೇಲಿಯಸ್ ಯಾರ ಗಮನಕ್ಕೂ ಬರಲಿಲ್ಲ, ಬರಬೇಕಾದ ಕಾರಣವೂ ಆಗ ಇರಲಿಲ್ಲ.

ಗುರುತಿನ ಜ್ಞಾನ ಇಲ್ಲದಿದ್ದರೆ ಏನಾಗುತ್ತದೆಂಬುದು 2020ರ ಮೇ ತಿಂಗಳಲ್ಲಿ ತಿಳಿಯಿತು. ಮರುಭೂಮಿಯ ಮಿಡತೆ ರಾಜಸ್ಥಾನ ದಾಟಿ ಮಹಾರಾಷ್ಟ್ರದವರೆಗೆ ಬಂದಾಗ ಬೀದರ, ಕಲಬುರಗಿ ಜಿಲ್ಲೆಗಳು ಎಚ್ಚರಿಕೆಯಲ್ಲಿದ್ದವು. ಹಿಂಡು ಕರ್ನಾಟಕಕ್ಕೆ ಬರಲಿಲ್ಲ. ಕೋಲಾರದ ಕಡೆ ಎಕ್ಕದ ಗಿಡಗಳನ್ನು ಮುತ್ತಿದ್ದ ಬಣ್ಣಬಣ್ಣದ ಎಕ್ಕದ ಮಿಡತೆಯನ್ನೇ ಕಂಡು ಜನ ಹೆದರಿದರು. ಎಕ್ಕ ಬಿಟ್ಟು ಬೆಳೆಯ ಕಡೆಗೆ ಅದು ಹೆಚ್ಚಾಗಿ ಹೋಗುವುದಿಲ್ಲ.

ದಾಖಲಿಸುವುದು

ಮಳೆ ಬಿಟ್ಟ ಮೇಲೆ ಪದವಿನಲ್ಲಿ ಮರಿಗಳು ಕಾಣುತ್ತವೆ. ಅವಕ್ಕೆ ರೆಕ್ಕೆ ಬೆಳೆದಿರುವುದಿಲ್ಲ, ಆದ್ದರಿಂದ ಮರಿಯಿಂದ ಪ್ರಭೇದ ಹೇಳುವ ಸಾಹಸ ಬೇಡ. ರೆಕ್ಕೆ ಹೊಟ್ಟೆಯ ತುದಿ ಮುಟ್ಟಿದ ಪ್ರಾಯದ ಮಿಡತೆಯನ್ನೇ ನೋಡಬೇಕು. ಚಿತ್ರಗಳು ಮೂರಾದರೂ ಇರಲಿ: ಪಕ್ಕದಿಂದ, ಮೇಲಿನಿಂದ, ಹಿಂರೆಕ್ಕೆ ಬಿಚ್ಚಿದಂತೆ. ಜೊತೆಗೆ ದಿನಾಂಕ, ಜಾಗ, ನೆಲದ ಬಗೆ. ಮುರಕಲ್ಲೋ, ಜಲ್ಲಿಯೋ, ಮುಳಿಹುಲ್ಲೋ ಎಂಬ ಒಂದು ಪದ ಸಾಕು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ಗಳಲ್ಲಿ ಹಾಕಿದರೆ ಬಲ್ಲವರು ನೋಡುತ್ತಾರೆ. ಮಾದರಿ ಒಪ್ಪಿಸುವುದಾದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಕೀಟಸಂಗ್ರಹಗಳಿವೆ. ಸೂಜಿಗೆ ಚುಚ್ಚಿ ಒಣಗಿಸಿದ ಮಾದರಿಯಲ್ಲಿ ಹಸಿರು ಕಂದಾಗುತ್ತದೆ, ಕಣಕಾಲಿನ ನೀಲಿ ಕೆಂಪುಗಳು ಮಾಸುತ್ತವೆ. ಏಣು ಮತ್ತು ಪಟ್ಟೆ ನೂರು ವರ್ಷ ಉಳಿದರೂ ಕಾಲಿನ ಬಣ್ಣವನ್ನು ಕೀಟ ಜೀವಂತವಿರುವಾಗಲೇ ಬರೆದುಕೊಳ್ಳಬೇಕು.